ಬೀಳುವವನ ಸೌಜನ್ಯ

ನಿಂತವನ ಮಣಿಕಟ್ಟು ತಿರುಚಿ ನೆಲಕ್ಕುರುಳಿಸುವ ವಿದ್ಯೆಗೂ, ಆಗಲೇ ನೆಲದ ಮೇಲಿರುವವನ ಮಣಿಕಟ್ಟು ತಿರುಚುವ ವಿದ್ಯೆಗೂ ನಡುವಿನ ದೂರ ಹೆಚ್ಚೆಂದರೆ ಐದೂವರೆ ಅಡಿ. ಅಷ್ಟು ಇಳಿಯುವುದಕ್ಕೆ ನನಗೆ ಅರ್ಧ ಆಯಸ್ಸು ಹಿಡಿಯಿತು. ಇಳಿದ ಮೇಲೆ ಮತ್ತೆ ಏಳುವುದಕ್ಕೆ ಹಿಡಿಯುವ ಹೊತ್ತಿನ ಮಾತು ಬೇರೆ.

ನಾನು ಐಕಿಡೊ ಕಲಿತದ್ದು ಇಪ್ಪತ್ತರ ಹರೆಯದಲ್ಲಿ, ಬೆಂಗಳೂರಿನ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಮುಹೂರ್ತವಿದ್ದ ದಿನ ತರಗತಿ ಇಲ್ಲ. ಜಪಾನಿನ ವಿದ್ಯೆಯೊಂದು ಒಂಟಿಕೊಪ್ಪಲ್ ಪಂಚಾಂಗದ ಅಪ್ಪಣೆ ಪಡೆದು ನಡೆಯುತ್ತಿದ್ದ ಕಾಲ ಅದು. ಆಷಾಢದಲ್ಲಿ ನಮ್ಮ ಕೈಚಳಕ ಚಿಗುರುತ್ತಿತ್ತು, ವೈಶಾಖದಲ್ಲಿ ಒಣಗುತ್ತಿತ್ತು. ಚಾಪೆ ಬಿಚ್ಚಿದರೆ ಹಿಂದಿನ ದಿನದ ಹುಳಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ಇಂದಿಗೂ ಇಂಗಿನ ವಾಸನೆ ಬಂದರೆ ನನ್ನ ಬಲಗೈ ತನ್ನಷ್ಟಕ್ಕೆ ಯಾರದೋ ಮಣಿಕಟ್ಟು ಹುಡುಕುತ್ತದೆ.

ಐಕಿಡೊವನ್ನು ರೂಪಿಸಿದವರು ಮೊರಿಹೆಯ್ ಉಯೆಶಿಬಾ (1883–1969). ಅವರು ಸೊಕಾಕು ತಕೆದಾ ಎಂಬ ಗುರುವಿನ ಬಳಿ ದಾಯ್ತೊ ರ್ಯು ಪದ್ಧತಿಯ ಜುಜುತ್ಸು ಕಲಿತವರು. ಕೀಲು ತಿರುಚುವ ಪಟ್ಟುಗಳು ಬಹುಮಟ್ಟಿಗೆ ಅಲ್ಲಿಂದ ಬಂದವು. ಅವುಗಳಲ್ಲಿ ನನ್ನ ಕಣ್ಮಣಿ ಕೊತೆಗಾಯೆಶಿ. ಎದುರಿನವನ ಅಂಗೈಯ ಹಿಂಬದಿಗೆ ಹೆಬ್ಬೆರಳು ಊರಿ, ಮಣಿಕಟ್ಟನ್ನು ಹೊರಕ್ಕೆ ಮಡಚಿ, ಒಂದು ಹೆಜ್ಜೆ ಹಿಂದೆ ಸರಿದು ತಿರುಗಬೇಕು. ಅವನ ಮೊಣಕೈ, ಭುಜ, ಸೊಂಟ ಒಂದರ ಹಿಂದೊಂದು ಹೊರಟು, ಆಳು ಗಾಳಿಯಲ್ಲಿ ಒಂದು ಸುತ್ತು ಹಾಕಿ ಚಾಪೆಯ ಮೇಲೆ ಚಪ್ಪಾಳೆ ತಟ್ಟಿದಂತೆ ಬೀಳುತ್ತಾನೆ. ನೋಡುವವರಿಗೆ ಎಲ್ಲವೂ ತಿರುಚಿದವನ ಪ್ರತಾಪ.

ಹೀಗೆ ಬೀಳುವವನಿಗೆ ಅಲ್ಲಿ ಉಕೆ ಎನ್ನುತ್ತಾರೆ. ನನ್ನ ಪಾಲಿನ ಉಕೆ ಒಬ್ಬ ಗೆಳೆಯ, ಬ್ಯಾಂಕಿನ ಕೆಲಸದವನು, ತೆಳ್ಳಗೆ ಎತ್ತರಕ್ಕಿದ್ದ. ಅಷ್ಟು ಚೆನ್ನಾಗಿ ಬೀಳುವವರನ್ನು ನಾನು ಇನ್ನೂ ಕಂಡಿಲ್ಲ. ನಾನು ಸ್ವಲ್ಪ ತಿರುಚಿದರೆ ಸ್ವಲ್ಪ ಬೀಳುತ್ತಿದ್ದ, ಜೋರಾಗಿ ತಿರುಚಿದರೆ ಜೋರಾಗಿ. ಭುಜ ಒಳಕ್ಕೆಳೆದುಕೊಂಡು ಉರುಳಿ, ಎದ್ದು, ಹಣೆಯ ಕೂದಲು ಸರಿಮಾಡಿಕೊಂಡು ಮತ್ತೆ ಕೈ ಚಾಚುತ್ತಿದ್ದ. ಬೇರೆಯವರ ಮೇಲೆ ಅದೇ ಪಟ್ಟು ಹಾಕಿದರೆ ಅವರು ಮುಖ ಕಿವುಚಿಕೊಂಡು ಅಲ್ಲೇ ನಿಂತಿರುತ್ತಿದ್ದರು. ಅವರಿಗೆ ಬೀಳಲು ಬರುವುದಿಲ್ಲ ಎಂದುಕೊಂಡು ನಾನು ನೆಮ್ಮದಿಯಿಂದಿದ್ದೆ.

ನೆಲ ಎಂದರೆ ಕಥೆ ಮುಗಿಯುವ ಜಾಗ ಎಂಬ ನಂಬಿಕೆ ನನಗೆ ಐಕಿಡೊಗಿಂತ ಮೊದಲೇ ಇತ್ತು. ಮೈಸೂರಿನಲ್ಲಿ ಬೆಳೆದವನು ನಾನು. ದಸರೆಯ ದಿನಗಳಲ್ಲಿ ದೊಡ್ಡಪ್ಪ ದೊಡ್ಡಕೆರೆ ಮೈದಾನದ ಕುಸ್ತಿಗೆ ಕರೆದೊಯ್ಯುತ್ತಿದ್ದರು. ಪೈಲ್ವಾನರು ತೊಡೆ ತಟ್ಟಿ, ಮಟ್ಟಿಯ ಮಣ್ಣು ಮೈಗೆ ಉಜ್ಜಿಕೊಂಡು, ಎಷ್ಟೇ ಹೊತ್ತು ಸೆಣಸಲಿ, ಬೆನ್ನು ಮಣ್ಣಿಗೆ ತಾಗಿತೋ ಚಿತ್. ತಮಟೆ, ಶಿಳ್ಳೆ, ಪೇಟ. ಸೋತವನು ಮಣ್ಣು ಕೊಡವಿಕೊಂಡು ಹೋಗುತ್ತಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದು ಜಾಗ ಬಿಟ್ಟು ಜಟ್ಟಿಗಳ ವಯಸ್ಸು, ಗಾತ್ರ, ಊಟ, ಸಾಮು ಎಲ್ಲವನ್ನೂ ಬರೆದಿಟ್ಟ. ಇಷ್ಟು ಹಳೆಯ ಮಣ್ಣಿನಿಂದ ಬಂದವನಿಗೆ, ಬೆನ್ನು ಕೆಳಗಾದ ಮೇಲೂ ಆಟ ಇದೆ, ಅಸಲಿಗೆ ಶುರುವಾಗುವುದೇ ಆಗ ಎಂದು ಯಾರಾದರೂ ಹೇಳಿದರೆ ನಂಬಿಕೆ ಹೇಗೆ ಬರಬೇಕು?

ಹೇಳಿದವಳು ಮಗಳು. ಕಾಲೇಜು ಸೇರಿದವಳು ಬ್ರೆಜಿಲಿಯನ್ ಜಿಯು ಜಿಟ್ಸು ಸೇರಿದಳು. ಅವಳನ್ನು ಬಿಡಲು ಹೋಗಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಪೇಪರ್ ಓದುತ್ತ ಕೂರುತ್ತಿದ್ದ ನನ್ನನ್ನು ಕೋಚ್ ಹುಡುಗ ಒಂದು ದಿನ ಒಳಗೆ ಕರೆದ. “ಬನ್ನಿ ಸರ್, ಸುಮ್ನೆ ಟ್ರೈ ಮಾಡಿ.” ಬಿಳಿ ಬೆಲ್ಟು ಕಟ್ಟಿದರು. ಸೊಂಟದ ಸುತ್ತ ಎರಡು ಸುತ್ತು ಬಂದ ಮೇಲೆ ಗಂಟಿಗೆ ಉಳಿದದ್ದು ಅಷ್ಟಕ್ಕಷ್ಟೆ.

ಆಮೇಲೆ ತಿಳಿದ ಸಂಗತಿ: ಈ ಆಟದ ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮದಂತೆ ಸ್ಪರ್ಧೆಯಲ್ಲಿ ಬಿಳಿ ಬೆಲ್ಟಿನವರು ಮಣಿಕಟ್ಟಿನ ಪಟ್ಟು ಹಾಕುವ ಹಾಗಿಲ್ಲ. ಜೂಡೊ ಸ್ಪರ್ಧೆಯಲ್ಲಂತೂ ಮೊಣಕೈ ಬಿಟ್ಟು ಬೇರೆ ಕೀಲು ಯಾರೂ ಮುಟ್ಟುವಂತಿಲ್ಲ. ನನಗೆ ಗೊತ್ತಿದ್ದದ್ದು ಮಣಿಕಟ್ಟು ಒಂದೇ. ಸ್ಪರ್ಧೆಗೆ ಹೋಗುವ ವಯಸ್ಸಲ್ಲವಲ್ಲ, ನಿಧಾನವಾಗಿ ಮಾಡಿ ಎಂದು ಕೋಚ್ ವಿನಾಯಿತಿ ಕೊಟ್ಟ.

ಮಲಗಿರುವವರ ಮೇಲೆ ಕೊತೆಗಾಯೆಶಿ ಹಾಕಿದರೆ ಏನೂ ಆಗುವುದಿಲ್ಲ. ಬೀಳಿಸುವ ಪಟ್ಟು ಅದು. ಬಿದ್ದವಳನ್ನು ಇನ್ನೆಲ್ಲಿಗೆ ಬೀಳಿಸುವುದು? ಮಗಳು ಮೊಣಕೈಯನ್ನು ಪಕ್ಕೆಗೆ ಎಳೆದುಕೊಂಡು ಕೈ ಬಿಡಿಸಿಕೊಂಡಳು. ಕಂಬಕ್ಕೆ ಕಟ್ಟದ ಕಡೆಗೋಲಿನಲ್ಲಿ ಮೊಸರು ಕಡೆದರೆ ಬೆಣ್ಣೆ ಬಾರದು, ಗಡಿಗೆ ಮಾತ್ರ ಓಲಾಡುತ್ತದೆ. ನಿಂತಿದ್ದಾಗ ಆ ಕಂಬದ ಕೆಲಸವನ್ನು ಎದುರಿನವನ ಮೈಭಾರ ಮಾಡುತ್ತಿತ್ತು. ಅವನ ಕಾಲು ನೆಲದಲ್ಲಿ ಊರಿರುತ್ತಿತ್ತು, ನನ್ನ ಕಾಲು ಅವನ ಸುತ್ತ ನಡೆಯುತ್ತಿತ್ತು. ಮಲಗಿದಾಗ ಇಬ್ಬರ ಕಾಲೂ ನಡೆಯುವ ಕೆಲಸದಿಂದ ನಿವೃತ್ತ.

“ಸರ್, ಮೊಣಕೈ ಮೊದ್ಲು. ಮಣಿಕಟ್ಟು ಆಮೇಲೆ.” ಇದಿಷ್ಟೇ ಕೋಚ್ ಹೇಳಿದ್ದು. ಅವಳ ಮೊಣಕೈ ನನ್ನ ಎದೆಗೆ ಅಂಟಿಕೊಂಡು ಎಲ್ಲೂ ಹೋಗದ ಹಾಗಾದ ಮೇಲೆ ಅಂಗೈಯನ್ನು ಮುಂಗೈ ಕಡೆಗೆ ಮಡಚಿದರೆ ಬೆರಳಗಲದಷ್ಟು ಚಲನೆ ಸಾಕು. ಆಗ ನನಗೆ ಹಳೆಯ ನಿಕ್ಯೊ ನೆನಪಾಯಿತು. ಕೊರಳಪಟ್ಟಿ ಹಿಡಿದವನ ಕೈಯನ್ನು ನನ್ನ ಎದೆಗೇ ಒತ್ತಿಕೊಂಡು ತಿರುಚುವ ಪಟ್ಟು. ಬೀದಿಯಲ್ಲಿ ನನ್ನ ಕೊರಳಪಟ್ಟಿಯನ್ನು ಯಾರೂ ಹಿಡಿದದ್ದಿಲ್ಲ, ಸಾಲಗಾರನಾಗಿದ್ದಾಗಲೂ. ಇಲ್ಲಿ ನೋಡಿದರೆ ಮೈಮೇಲೆ ಬಂದವರೆಲ್ಲ ಮೊದಲು ಹಿಡಿಯುವುದೇ ಕೊರಳಪಟ್ಟಿ! ಊಟದ ಹಾಲಿನಲ್ಲಿ ಕಾದು ಕೂತಿದ್ದ ಗಿರಾಕಿ ಇಷ್ಟು ವರ್ಷದ ಮೇಲೆ ಬಂದಿದ್ದ.

ನಿಂತ ಪಟ್ಟಿನಿಂದ ನೆಲದ ಪಟ್ಟಿಗೆ ಇರುವ ಈ ಸೇತುವೆಯನ್ನು ನನಗಿಂತ ಮೊದಲು ದಾಟಿದವರ ಕಥೆ ದೊಡ್ಡದು. ಜೂಡೊದಲ್ಲಿ ಉದೆ ಗರಾಮಿ ಎಂಬ ಪಟ್ಟಿದೆ: ಎದುರಾಳಿಯ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಅವನ ತೋಳಿನ ಸಂದಿಯಿಂದ ತೂರಿಸಿ ನಮ್ಮದೇ ಮಣಿಕಟ್ಟು ಹಿಡಿದುಕೊಂಡು, ಮಡಿಸಿದ ತೋಳನ್ನು ಅವನ ಬೆನ್ನ ಕಡೆಗೆ ತಿರುಗಿಸುವುದು. 1951ರ ಅಕ್ಟೋಬರಿನಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ತನಗಿಂತ ಬಹಳ ಹಗುರವಾಗಿದ್ದ ಬ್ರೆಜಿಲಿನ ಹೇಲಿಯೊ ಗ್ರೇಸಿಯನ್ನು ಎತ್ತಿ ಎತ್ತಿ ಒಗೆದು, ಕೊನೆಗೆ ನೆಲದ ಮೇಲೆ ಈ ಪಟ್ಟು ಹಾಕಿದ. ತೋಳು ಮುರಿಯಿತು. ಹೇಲಿಯೊ ಸೋಲೊಪ್ಪಿ ಚಾಪೆ ತಟ್ಟಲಿಲ್ಲ, ಅಣ್ಣ ಕಾರ್ಲೊಸ್ ಟವೆಲ್ ಎಸೆದು ನಿಲ್ಲಿಸಿದರು. ಬ್ರೆಜಿಲಿನವರು ಆ ಪಟ್ಟಿಗೆ ಕಿಮುರಾ ಎಂದೇ ಹೆಸರಿಟ್ಟರು. ತಮ್ಮವನ ತೋಳು ಮುರಿದವನ ಹೆಸರನ್ನು ದಿನವೂ ಚಾಪೆಯ ಮೇಲೆ ಕರೆಯುತ್ತಾರೆ. ನಮ್ಮಲ್ಲಾಗಿದ್ದರೆ ರೆಫರಿಯ ಮನೆ ಮುಂದೆ ಧರಣಿ ಕೂರುತ್ತಿದ್ದೆವು.

ನನ್ನ ನೆಮ್ಮದಿ ಕೆಟ್ಟದ್ದು ಒಮೊಪ್ಲಾಟಾದಿಂದ. ಬೆನ್ನ ಮೇಲೆ ಮಲಗಿದವರು ಮೇಲಿರುವವರ ಭುಜದ ಮೇಲೆ ಕಾಲು ಹಾಯಿಸಿ, ತೋಳನ್ನು ಕಾಲಿನಲ್ಲೇ ಸಿಕ್ಕಿಸಿ, ಎದ್ದು ಕೂತು ಮುಂದಕ್ಕೆ ಬಾಗಿದರೆ ಭುಜ ಅಯ್ಯೋ ಎನ್ನುತ್ತದೆ. ನಿಕ್ಯೊದ ಕೊನೆಯಲ್ಲಿ ಬೋರಲು ಬಿದ್ದವನ ಪಕ್ಕ ಮಂಡಿಯೂರಿ ಎರಡು ಕೈಯಲ್ಲಿ ನಾವು ಮಾಡುತ್ತಿದ್ದದ್ದೂ ಇದೇ ತಿರುವು. ಕೈಯ ಕೆಲಸವನ್ನು ಇಲ್ಲಿ ಕಾಲಿಗೆ ವಹಿಸಿದ್ದಾರೆ. ನನ್ನ ಕಾಲು ವಹಿಸಿಕೊಳ್ಳಲು ತಕರಾರು ತೆಗೆದರೂ ಹೇಗೋ ಮಗಳ ಭುಜ ಸಿಕ್ಕಿತು. ಗೆದ್ದೆ ಅನ್ನುವಷ್ಟರಲ್ಲಿ ಅವಳು ಆ ಭುಜವನ್ನು ಒಳಕ್ಕೆಳೆದುಕೊಂಡು, ಮುಂದಕ್ಕೆ ಉರುಳಿ, ಎದ್ದು ಕೂತು, ಹಣೆಯ ಕೂದಲು ಸರಿಮಾಡಿಕೊಂಡಳು.

“ಅದೇ ಅಪ್ಪಾ ಎಸ್ಕೇಪು.”

ಆ ಉರುಳು ನನಗೆ ಚೆನ್ನಾಗಿ ಪರಿಚಯ. ಕಲ್ಯಾಣ ಮಂಟಪದಲ್ಲಿ ಅದನ್ನು ಸೌಜನ್ಯ ಎಂದುಕೊಂಡಿದ್ದೆ. ತಿರುಚು ಕಚ್ಚುವ ಮುಂಚೆಯೇ ಅದರ ದಿಕ್ಕಿನಲ್ಲೇ ಹೊರಟುಬಿಟ್ಟರೆ ಕೀಲು ಉಳಿಯುತ್ತದೆ. ಹಾಗಾದರೆ ಅವನು ಬೀಳುತ್ತಿದ್ದನೋ, ತಪ್ಪಿಸಿಕೊಳ್ಳುತ್ತಿದ್ದನೋ? ಇಷ್ಟು ವರ್ಷ ನನ್ನದೆಂದುಕೊಂಡ ಪ್ರತಾಪದಲ್ಲಿ ನನ್ನ ಪಾಲೆಷ್ಟು?

ಅವನು ಈಗ ಶಿವಮೊಗ್ಗದಲ್ಲಿದ್ದಾನೆ, ಮಂಡಿ ಆಪರೇಷನ್ ಆಗಿದೆ. ಫೋನ್ ಮಾಡಿ ನೇರವಾಗಿ ಕೇಳಿದೆ.

“ನೋಯ್ತಿತ್ತು ಕಣೋ,” ಅಂದ. “ಕೈ ಮುರ್ಕೊಂಡು ಬ್ಯಾಂಕಿಗೆ ಹೋಗಿ ಲೆಡ್ಜರ್ ಬರಿಯೋಕಾಗತ್ತಾ? ಅದಕ್ಕೇ ಉರುಳ್ತಿದ್ದೆ.”

ನನಗೆ ಎಷ್ಟು ಖುಷಿಯಾಯಿತೆಂದರೆ ಮಂಡಿ ಹೇಗಿದೆ ಎಂದು ಕೇಳುವುದನ್ನೂ ಮರೆತೆ. “ಹಾಗಾದ್ರೆ ನನ್ನ ಪಟ್ಟು ನಿಜವಾಗ್ಲೂ ಕೂರ್ತಿತ್ತು ಅನ್ನು!”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟೀವಿಯಲ್ಲಿ ಯಾವುದೋ ಧಾರಾವಾಹಿಯ ಅತ್ತೆ ಬೈಯುತ್ತಿದ್ದಳು.

“ಮೊದಲ್ನೇ ವರ್ಷ ಏನೂ ನೋಯ್ತಿರ್ಲಿಲ್ಲ ಬಿಡು,” ಅಂದ.