ಕೂವೆಮರ ಇಳಿಸುವ ಲೆಕ್ಕ

ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಮಕ್ಕಳು ತೆಪ್ಪ ನೋಡಿದ್ದಾರೆ, ಕಾಳಿಯ ಸೆಳವಿನಲ್ಲಿ ಪ್ರವಾಸಿಗರನ್ನು ಕುಣಿಸುವ ರಬ್ಬರ್ ದೋಣಿಯನ್ನೂ ನೋಡಿದ್ದಾರೆ. ಹಾಯಿದೋಣಿ ಕಂಡವರು ಮಾತ್ರ ಅಪರೂಪ. ಬಂಡೆಗಳ ನಡುವೆ ಧುಮುಕುವ ನೀರಿನಲ್ಲಿ ಹಾಯಿಗೇನು ಕೆಲಸ? ಅದನ್ನು ನೋಡಲು ನದಿಯ ಜೊತೆಗೇ ಘಟ್ಟ ಇಳಿದು ಸದಾಶಿವಗಡದ ಅಳಿವೆಗೆ ಹೋಗಬೇಕು.

ಹತ್ತನೆಯ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯುತ್ತೇನೆಂದಾಗ ಪಾಲಕರೊಬ್ಬರು, ‘ಸರ್, ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೆ?’ ಎಂದು ಕೇಳಿದರು. ಸನ್ನೆಯ ಪಾಠಕ್ಕೆ ಎಷ್ಟಿದೆಯೋ ಅಷ್ಟೇ ಎಂದೆ.

ಪಾಠ ಶುರುವಾದದ್ದು ಮುಂಡಗೋಡದಲ್ಲಿ. 1966ರಲ್ಲಿ ನೆಲೆಗೊಂಡ ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಬಾವುಟದ ಉದ್ದನೆಯ ಕಂಬಗಳಿವೆ. ಇಂಥ ಕಂಬ ಇಳಿಸುವಾಗ ಒಂದು ಕಡೆಯವರು ಹಗ್ಗ ಸಡಿಲ ಬಿಡುತ್ತಾರೆ, ಎಡಬಲದವರು ಕಂಬ ವಾಲದಂತೆ ಬಿಗಿಹಿಡಿಯುತ್ತಾರೆ. ಕಾಲ ಕೆಳಗೆ ಗಟ್ಟಿ ನೆಲವಿದೆ. ದೋಣಿಯಲ್ಲಿ ಆ ನೆಲವೇ ಓಲಾಡುತ್ತದೆ.

ಹಳಿಯಾಳ ದಾಟಿ ದಾಂಡೇಲಿ ಕಾಡಿನ ದಾರಿಯಲ್ಲಿ ಸಾಗುವಾಗ ಮಕ್ಕಳಿಗೆ ತೇಗದ ಕಥೆ ಹೇಳಿದೆ. ಉತ್ತರ ಕನ್ನಡದ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಕೂವೆಗೆ, ಅಂದರೆ ಹಾಯಿಮರಕ್ಕೆ, ಪಶ್ಚಿಮಘಟ್ಟದಲ್ಲಿ ನೆಟ್ಟಗೆ ಬೆಳೆಯುವ ಸುರಹೊನ್ನೆ ಬಳಗದ ಮರಗಳಿಗೆ ಬೇಡಿಕೆ. ಈಗಿನ ಸಣ್ಣ ದೋಣಿಗಳಲ್ಲಿ ಅಲ್ಯೂಮಿನಿಯಂ ಕೊಳವೆ. ಜೋಯಿಡಾದ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನೋಡಿ, ಅಣಶಿ ಘಟ್ಟ ಇಳಿದು ಕಾರವಾರ ಸೇರಿದೆವು.

ಧಕ್ಕೆಗೆ ಕಟ್ಟಿದ್ದ ದೋಣಿ ಚಿಕ್ಕದು. ಕೂವೆಯ ಬುಡಕ್ಕೆ ಬಾಗಿಲಿಗಿರುವಂತೆ ಬಿಜಾಗರಿ. ಮುಂತುದಿಗೆ ಕಟ್ಟಿದ ಹಗ್ಗವನ್ನು ನಿಧಾನ ಬಿಟ್ಟರೆ ಕೂವೆ ಹಿಂದಕ್ಕೆ ಮಲಗಬೇಕು. ‘ಹತ್ತೇ ಕಿಲೋ ತಾನೇ, ನಾನೊಬ್ಬನೇ ಹಿಡಿಯುತ್ತೇನೆ’ ಎಂದ ಒಬ್ಬ. ಮೊದಲು ಲೆಕ್ಕ ಮಾಡೋಣ ಎಂದೆ.

ಕೂವೆ 6 ಮೀಟರ್, ತೂಕ 10 ಕಿಲೋ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರ ಬುಡದಿಂದ 3 ಮೀಟರ್ ದೂರ. ಹಗ್ಗ ಕಟ್ಟಿದ್ದು ಬುಡದಿಂದ ನಾಲ್ಕೂವರೆ ಮೀಟರ್ ಮೇಲೆ. ಅದರ ಇನ್ನೊಂದು ತುದಿ ಬಿಜಾಗರಿಗಿಂತ ಒಂದೂವರೆ ಮೀಟರ್ ಮುಂದೆ, ಅದೇ ಮಟ್ಟದಲ್ಲಿ. ಕೂವೆ ನೆಟ್ಟಗಿರುವಾಗ ಹಗ್ಗಕ್ಕೆ ಭಾರವೇ ಇಲ್ಲ. ಬಾಗಿದಂತೆಲ್ಲ ಹಗ್ಗದ ಗೆರೆ ಬಿಜಾಗರಿಯ ಹತ್ತಿರ ಬರುತ್ತ ಹೋಗುತ್ತದೆ. ಮಲಗಲು ಇನ್ನು 10 ಡಿಗ್ರಿ ಇದೆ ಎನ್ನುವಾಗ ಅವೆರಡರ ಅಂತರ ಸುಮಾರು 20 ಸೆಂಟಿಮೀಟರ್ ಮಾತ್ರ. ಆಗ ಹಗ್ಗದ ಮೇಲಿನ ಎಳೆತ ಸುಮಾರು 150 ಕಿಲೋ ತೂಕದಷ್ಟು! ಕೈಯಲ್ಲಿ ಹಿಡಿದವನ ಗತಿ ಏನು? ಹಗ್ಗ ಅಂಗೈ ಸುಟ್ಟುಕೊಂಡು ಓಡುತ್ತದೆ, ಕೂವೆ ಹಿಂದೆ ಕೂತವನ ತಲೆಯ ಮೇಲೆ ಬೀಳುತ್ತದೆ.

ಉಪಾಯ ಸರಳ. ಕೂವೆಯ ಬುಡದಿಂದ ಮುಂದಕ್ಕೆ ಲಂಬವಾಗಿ ಒಂದೂವರೆ ಮೀಟರಿನ ಇನ್ನೊಂದು ಗಳು ಕಟ್ಟಿ, ಹಗ್ಗವನ್ನು ಅದರ ತುದಿಯ ಮೂಲಕ ತಂದರಾಯಿತು. ಕೂವೆ ಮಲಗಿದಂತೆ ಗಳು ಎದ್ದು ನಿಲ್ಲುತ್ತದೆ, ಹಗ್ಗದ ಗೆರೆ ಬಿಜಾಗರಿಯಿಂದ ಒಂದು ಮೀಟರಿಗೂ ಹೆಚ್ಚು ದೂರ ಉಳಿಯುತ್ತದೆ. ಪೂರ್ತಿ ಮಲಗಿದಾಗಲೂ ಗಳುವಿನ ತುದಿಯಿಂದ ಮುಂತುದಿಗೆ ಬರುವ ಎಳೆತ 28 ಕಿಲೋ. ನಾಲ್ಕು ಎಳೆಯ ರಾಟೆ ಹಾಕಿದರೆ ಕೈಗೆ 7 ಕಿಲೋ, ರಾಟೆಯ ಘರ್ಷಣೆ ಬೇರೆ. ಕೊನೆಯ ತುದಿಯನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಬಿಡಬೇಕು, ಕೈಗೆ ಸುತ್ತಿಕೊಳ್ಳುವುದು ಸರ್ವಥಾ ಬೇಡ.

ಇನ್ನು ಎಡಬಲದ ಹಗ್ಗಗಳು. ದೋಣಿಯ ಅಂಚಿನಲ್ಲಿ ಇವನ್ನು ಕಟ್ಟುವ ಜಾಗ ಸಾಮಾನ್ಯವಾಗಿ ಕೂವೆಗಿಂತ ಸ್ವಲ್ಪ ಹಿಂದಿರುತ್ತದೆ. ಕೂವೆ ಹಿಂದಕ್ಕೆ ಬಾಗಿದೊಡನೆ ಅವು ಜೋಲು ಬೀಳುತ್ತವೆ. ಅಷ್ಟರಲ್ಲಿ ಒಂದು ಯಾಂತ್ರಿಕ ದೋಣಿ ಪಕ್ಕದಲ್ಲಿ ಹಾದು ಅಲೆ ಎಬ್ಬಿಸಿದರೆ ಕೂವೆ ಅಡ್ಡಕ್ಕೆ ತೂಗಿ ಬಿಜಾಗರಿಯನ್ನೇ ತಿರುಚಿಬಿಡುತ್ತದೆ. ಆದ್ದರಿಂದ ಬಿಜಾಗರಿಯ ಅಚ್ಚಿನ ನೇರಕ್ಕೆ, ಅದೇ ಎತ್ತರದಲ್ಲಿ, ಬೇರೆ ಎರಡು ಹಗ್ಗ ಕಟ್ಟಬೇಕು. ಅವು ಕೂವೆ ನಿಂತಾಗಲೂ ಮಲಗಿದಾಗಲೂ ಒಂದೇ ಬಿಗಿಯಲ್ಲಿರುತ್ತವೆ. ಯಾಕೆ ಎಂಬುದನ್ನು ಕೈವಾರ ಹಿಡಿದು ವೃತ್ತ ಎಳೆದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಹೇಳಿದಳು. ದೋಣಿಯಲ್ಲಿದ್ದ ಇಬ್ಬರೂ ನಿಲ್ಲದೆ ನಡುವೆ ಕೂತು ಕೆಲಸ ಮಾಡಿದರು. ಐದು ನಿಮಿಷದಲ್ಲಿ ಕೂವೆ ಸದ್ದಿಲ್ಲದೆ ಮಲಗಿತು.

ಕೂವೆ ಇಳಿಸುವ ಪ್ರಸಂಗ ಬರುವುದು ಸೇತುವೆ ಮತ್ತು ತಂತಿಗಳಿಂದ. ರವೀಂದ್ರನಾಥ ಟಾಗೋರರು 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಬೆಳದಿಂಗಳಲ್ಲಿ ಹಾಯಿದೋಣಿ ಏರಿ ಇದೇ ಕಾಳಿಯಲ್ಲಿ ಮೇಲಕ್ಕೆ ಹೋಗಿದ್ದರು. ಇಲ್ಲಿ ಆಗ ಹೆದ್ದಾರಿ ಸೇತುವೆ ಇರಲಿಲ್ಲ. 1983ರಲ್ಲಿ ಕಟ್ಟಿದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದು, ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದ. ಪಕ್ಕದ ಹೊಸ ಸೇತುವೆ ಈಗಲೂ ಇದೆ.

ಸೇತುವೆಗೆ ತಗುಲಿದರೆ ಕೂವೆ ಮುರಿದೀತು. ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಕೂವೆ ತಗುಲಿದರೆ, ಅಥವಾ ತೀರ ಹತ್ತಿರ ಬಂದರೂ, ಹಿಡಿದವನ ಜೀವ ಹೋಗುತ್ತದೆ. ನಮ್ಮ ಕಾಳಿಯೋ ಕರೆಂಟಿನ ನದಿ. ಸೂಪಾದಿಂದ ಕದ್ರಾದವರೆಗೆ ತಂತಿಗಳ ಸಾಲು. ಅದಕ್ಕೇ ಹಗ್ಗ ಮುಟ್ಟುವ ಮುನ್ನ ಮಕ್ಕಳನ್ನು ಧಕ್ಕೆಯ ಮೇಲೆ ಸಾಲಾಗಿ ನಿಲ್ಲಿಸಿ ತಲೆ ಎತ್ತಿ ಸುತ್ತಲೂ ನೋಡಲು ಹೇಳಿದೆ. ಮೀನಿನ ಶೆಡ್ಡಿನ ಹಿಂದೆ ಹಾದಿದ್ದ ತಂತಿಯನ್ನು ಮೂವರು ಗುರುತಿಸಿದರು. ದೋಣಿಯನ್ನು ಅಲ್ಲಿಂದ ಧಕ್ಕೆಯ ಇನ್ನೊಂದು ತುದಿಗೆ ಎಳೆದು ಕಟ್ಟಿದ ಮೇಲೆಯೇ ನಾವು ಬಿಜಾಗರಿಗೆ ಕೈ ಹಾಕಿದ್ದು.