ಕೆಮ್ಮಣ್ಣಿನ ಕಣ, ಕೈಯಲ್ಲಿನ ಪಂಜರ

ಮಧ್ಯಾಹ್ನ ಮೂರರ ಬಿಸಿಲು. ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ತೇರು ನಿನ್ನೆ ಎಳೆದಾಗಿದೆ, ಇವತ್ತು ಬಯಲು ಜಂಗಿ ಕುಸ್ತಿ. ಊರ ಹೊರಗಿನ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆದು, ಹೆಂಟೆ ಒಡೆದು, ಕಲ್ಲು ಆಯ್ದು, ನೀರು ಚಿಮುಕಿಸಿ ಕಣ ಹದ ಮಾಡಿದ್ದಾರೆ. ಮಂದಿಯ ನಡುವೆ ನುಸುಳಿ ಮುಂದಿನ ಸಾಲಿಗೆ ಬನ್ನಿ, ಇಲ್ಲಿ ಕೂತರೆ ಮಣ್ಣಿನ ವಾಸನೆಯೂ ಸಿಗುತ್ತದೆ. ಹಿಂದೆ ಟ್ರೇಲರ್ ಮೇಲೆ, ಬೇವಿನ ಕೊಂಬೆಗಳ ಮೇಲೆ, ಮಾಳಿಗೆಗಳ ಮೇಲೆ ಜನವೋ ಜನ. ಹಲಗೆಯ ಸದ್ದಿಗೆ ಪಕ್ಕದವರು ಹೇಳಿದ್ದೂ ಕೇಳಿಸುವುದಿಲ್ಲ.

ಇಲ್ಲಿ ತೂಕದ ಯಂತ್ರ ಇಲ್ಲ. ಜೋಡಿ ಕಟ್ಟುವವರು ಊರಿನ ಹಿರಿಯ ಪೈಲ್ವಾನರು. ಇಬ್ಬರು ಹುಡುಗರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತಾರೆ, ಒಬ್ಬನ ರಟ್ಟೆ ಹಿಡಿದು ನೋಡುತ್ತಾರೆ, ಇನ್ನೊಬ್ಬನ ಬೆನ್ನ ಮೇಲೆ ಅಂಗೈ ಆಡಿಸುತ್ತಾರೆ, ಕತ್ತಿನ ಬುಡ ಒತ್ತುತ್ತಾರೆ. ಸರಿ ಅನ್ನಿಸಿದರೆ ಇಬ್ಬರ ಕೈ ಎತ್ತಿ ಕಣದ ಸುತ್ತ ಒಂದು ಸುತ್ತು ಹಾಕಿಸುತ್ತಾರೆ. ಮೊದಲು ಚಿಕ್ಕ ಹುಡುಗರು, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ನೂರು, ಐನೂರು, ಸಾವಿರದ ಜೋಡಿಗಳು. ಕೊನೆಯ ಕುಸ್ತಿಗೆ ಬೆಳ್ಳಿ ಕಡಗ.

ಈಗ ಕಣಕ್ಕಿಳಿದ ಜೋಡಿಯನ್ನು ನೋಡಿ. ಒಬ್ಬ ಹಡಗಲಿ ಕಡೆಯವನು, ಇನ್ನೊಬ್ಬ ಕೂಡ್ಲಿಗಿಯವನು. ಇಬ್ಬರಿಗೂ ಇಪ್ಪತ್ತು ದಾಟಿರಲಿಕ್ಕಿಲ್ಲ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ಒಂದು ಹಿಡಿ ಮಣ್ಣೆತ್ತಿ ಎದುರಾಳಿಯ ಮೈಮೇಲೆ ಎರಚಿದರು, ಬೆವರಿಗೆ ಕೈ ಜಾರಬಾರದು. ತೊಡೆ ತಟ್ಟಿದ ಸದ್ದು. ಹಣೆಗೆ ಹಣೆ, ಕತ್ತಿಗೆ ಕೈ. ಕೂಡ್ಲಿಗಿಯವನು ಸರಕ್ಕನೆ ಕೆಳಗೆ ನುಗ್ಗಿ ಒಂಟಿಗಾಲು ಹಿಡಿದ. ಹಡಗಲಿಯವನು ಬೀಳುತ್ತಲೇ ಬೋರಲಾಗಿ ನೆಲ ಕಚ್ಚಿದ, ಕೈಕಾಲು ಅಗಲಿಸಿ ಮಣ್ಣಿಗೆ ಅಂಟಿಕೊಂಡ. ಇನ್ನು ಅವನನ್ನು ತಿರುವಿ ಹಾಕಬೇಕು, ಎರಡೂ ಭುಜ ನೆಲ ಮುಟ್ಟಿಸಬೇಕು. ಅಲ್ಲಿಯವರೆಗೆ ಗೆಲುವಿಲ್ಲ. ಇದು ನಿಕಾಲಿ ಕುಸ್ತಿ, ಅಂಕದ ಮಾತೇ ಇಲ್ಲ. ‘ಬಿಡಬ್ಯಾಡ, ಬಿಡಬ್ಯಾಡ!’ ಎಂದು ಮಾಳಿಗೆಯಿಂದ ಕೂಗು. ಬೆನ್ನ ಮೇಲಿದ್ದವನು ಲಂಗೋಟಿ ಹಿಡಿದು ಎಳೆಯುತ್ತಾನೆ, ಮೊಳಕಾಲು ಊರಿ ತಳ್ಳುತ್ತಾನೆ. ಕೆಳಗಿನವನ ಬೆನ್ನು ಕೆಂಪಡರಿದೆ, ಬಾಯಿಗೆ ಮಣ್ಣು ಹೋಗಿದೆ. ಆದರೂ ಜಗ್ಗಲಿಲ್ಲ. ಕೊನೆಗೆ ಹಿರಿಯರು ಬಂದು ಇಬ್ಬರನ್ನೂ ಎಬ್ಬಿಸಿ, ಸಮ ಎಂದು ಕೈ ಎತ್ತಿಸಿದರು. ಹಣ ಅರ್ಧರ್ಧ.

ನಿಮ್ಮ ಪಕ್ಕದಲ್ಲಿ ಕೂತ ಹುಡುಗ ಇಷ್ಟು ಹೊತ್ತು ಒಂದು ಕಣ್ಣು ಕಣದ ಮೇಲೆ, ಇನ್ನೊಂದು ಮೊಬೈಲಿನ ಮೇಲೆ ಇಟ್ಟಿದ್ದ. ಈಗ ಹಿಂದಿನ ಸಾಲಿನ ಮುದುಕರತ್ತ ತಿರುಗಿ ಫೋನು ಚಾಚುತ್ತಾನೆ.

‘ಕಾಕಾ, ಇವನ ಕಿವಿ ನೋಡ್ರಿ. ನಿಮ್ಮಂಗ ಐತಿ.’

ಹೌದು. ಪರದೆಯಲ್ಲಿ ಎಂಟು ಮೂಲೆಯ ಪಂಜರದೊಳಗೆ ನಿಂತವನು ಖಬೀಬ್ ನುರ್ಮಗೊಮೆದೊವ್. ಅವನ ಕಿವಿ ಮುದುಡಿ ಗಂಟಾಗಿದೆ. ಕಾಕಾ ಅವರ ಕಿವಿಯೂ ಹಾಗೆಯೇ. ವರ್ಷಗಟ್ಟಲೆ ತಲೆಗೆ ತಲೆ ಉಜ್ಜಿ, ರಕ್ತ ಕಟ್ಟಿ, ಗಟ್ಟಿಯಾದ ಪೈಲ್ವಾನರ ಕಿವಿ. ಕಾಕಾ ಫೋನನ್ನು ದೂರ ಹಿಡಿದು ನೋಡಿದರು. ‘ಇಂವ ಕುಸ್ತಿಯವನ. ಗುದ್ದೋದು ಆಮ್ಯಾಲ ಕಲ್ತಾನ.’

ಆ ಕಣ್ಣಿಗೆ ಶರಣು. ಖಬೀಬ್ ರಷ್ಯಾದ ದಾಗೆಸ್ತಾನದ ಗುಡ್ಡಗಾಡಿನವನು. ಅಪ್ಪನೇ ಗುರು, ಕುಸ್ತಿಯೇ ಬುನಾದಿ. 29 ಪಂದ್ಯ ಆಡಿ 29ನ್ನೂ ಗೆದ್ದು 2020ರಲ್ಲಿ ನಿವೃತ್ತನಾದ. ಅವನು ಕಾದಾಡಿದ ಪಂಜರದ ಕಾಳಗದ ಕೂಟದ ಹೆಸರು ಯುಎಫ್‌ಸಿ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ ಮೊದಲ ಯುಎಫ್‌ಸಿ ನಡೆದಾಗ ಯಾವ ವಿದ್ಯೆ ದೊಡ್ಡದು ಎಂಬ ಪಂಥವಿತ್ತು. ಈಗ ಗುದ್ದು, ಒದೆ, ಕುಸ್ತಿ, ನೆಲದ ಮೇಲಿನ ಹಿಡಿತ ಎಲ್ಲವನ್ನೂ ಕಲಿತವರೇ ಪಂಜರದೊಳಗೆ ಕಾಲಿಡುತ್ತಾರೆ. ಐದು ನಿಮಿಷದ ಮೂರು ಸುತ್ತು, ಪ್ರಶಸ್ತಿಗಾದರೆ ಐದು. ಭಾರತಕ್ಕೂ ಈ ಗಾಳಿ ಬೀಸಿದೆ. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರಲ್ಲಿ ಆಯ್ಕೆಯ ಪಂದ್ಯ ಗೆದ್ದು ಯುಎಫ್‌ಸಿ ಒಪ್ಪಂದ ಪಡೆದ. 2024ರ ಜೂನ್ 8ರಂದು ಉತ್ತರ ಪ್ರದೇಶದ ಪೂಜಾ ತೋಮರ್ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಪಂಜಾಬಿ ಮೂಲದ ಕೆನಡಾದ ಪೈಲ್ವಾನ ಅರ್ಜನ್ ಭುಲ್ಲರ್ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಸ್ತಿ ಚಿನ್ನ ಗೆದ್ದು, 2021ರಲ್ಲಿ ಇಂಥದ್ದೇ ಇನ್ನೊಂದು ಕೂಟವಾದ ಒನ್ ಚಾಂಪಿಯನ್‌ಷಿಪ್‌ನ ಹೆವಿವೇಟ್ ಪಟ್ಟ ಏರಿದ. ಪಕ್ಕದಲ್ಲಿ ಕೂತ ಈ ಹುಡುಗನ ಅಂಗೈಗೆ ಇದೆಲ್ಲ ನಿತ್ಯ ಬಂದು ಬೀಳುತ್ತಿದೆ.

ಪಂಜರದ ಕಾಳಗವನ್ನು ಪರದೇಶದ ಹುಚ್ಚು ಎಂದು ತಳ್ಳಿಹಾಕುವವರು ಒಮ್ಮೆ ಇದೇ ವಿಜಯನಗರ ಜಿಲ್ಲೆಯ ಹಂಪಿಗೆ ಹೋಗಬೇಕು. ಮಹಾನವಮಿ ದಿಬ್ಬದ ಗೋಡೆಯ ಉಬ್ಬುಚಿತ್ರಗಳಲ್ಲಿ ಮಲ್ಲರು ಇಂದಿಗೂ ಹೆಣಗುತ್ತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಮಹಾನವಮಿಯ ಮಲ್ಲಯುದ್ಧವನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ಕೆಡಿಸುವ ಹೊಡೆತ; ಜೊತೆಗೆ ಎತ್ತಿ ಒಗೆಯುವ ಸೊಗಸಾದ ಪಟ್ಟುಗಳು; ಮಾತು ಬಾರದೆ ಬಿದ್ದವನನ್ನು ಹೊತ್ತೊಯ್ಯುವ ಗೆಳೆಯರು; ಸರಿಜೋಡಿ ನೋಡಿ ನಿಲ್ಲಿಸುವ ತೀರ್ಪುಗಾರರು. ಆಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ, ನ್ಯೂನಿಜ್, ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಗಾಯಗೊಳಿಸುತ್ತಿದ್ದ ಜಟ್ಟಿಗಳ ಮಾತು ಹೇಳುತ್ತಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಇಂದಿಗೂ ಅಂಥದೇ ಆಯುಧ ತೊಟ್ಟು ವಜ್ರಮುಷ್ಟಿ ಕಾಳಗ ನಡೆಯುತ್ತದೆ. ನೆತ್ತರ ಹನಿ ಕಂಡೊಡನೆ ನಿಲ್ಲಿಸುತ್ತಾರೆ. ಗುದ್ದು, ಕುಸ್ತಿ ಎರಡೂ ಬೆರೆತ ಕಾಳಗ ಈ ನಾಡಿಗೆ ಹೊಸದಲ್ಲ.

ಈಗ ಆ ಹಡಗಲಿಯ ಹುಡುಗನ ಬಳಿಗೆ ಬನ್ನಿ. ಟ್ರ್ಯಾಕ್ಟರ್ ನೆರಳಲ್ಲಿ ಕೂತು ನೀರು ಮುಕ್ಕಳಿಸಿ ಉಗುಳುತ್ತಿದ್ದಾನೆ. ಅವನೂ ಫೋನಿನಲ್ಲಿ ಪಂಜರದ ಕಾಳಗವನ್ನೇ ನೋಡುತ್ತಾನಂತೆ, ಒಂದು ಸಲ ಪಂಜರಕ್ಕೆ ಇಳಿಯಬೇಕಂತೆ. ಅವನ ಕತ್ತು, ಸೊಂಟ, ದಮ್ಮು ನೋಡಿದರೆ ಆಸೆ ಅತಿಯಲ್ಲ. ಆದರೆ ಈ ಮಧ್ಯಾಹ್ನ ಅವನನ್ನು ಉಳಿಸಿದ್ದು ಯಾವುದು? ಬೋರಲು ಬಿದ್ದು ನೆಲ ಕಚ್ಚಿದ್ದು. ಪಂಜರದಲ್ಲಿ ಅದೇ ಅವನನ್ನು ಮುಗಿಸುತ್ತದೆ. ಬೆನ್ನು ಕೊಟ್ಟವನ ಕತ್ತಿನ ಕೆಳಗೆ ಎದುರಾಳಿಯ ತೋಳು ತೂರುತ್ತದೆ, ಕೈ ತಟ್ಟಿ ಸೋಲೊಪ್ಪದಿದ್ದರೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ನಮ್ಮ ಕಣದಲ್ಲಿ ಚಿತ್ತಾದರೆ ಕುಸ್ತಿ ಮುಗಿಯಿತು. ಅಲ್ಲಿ ಅಂಗಾತ ಬಿದ್ದವನೂ ಕಾಲಲ್ಲಿ ಸುತ್ತಿ, ತೋಳು ತಿರುಚಿ ಗೆಲ್ಲಬಲ್ಲ. ಗರಡಿಯಲ್ಲಿ ಮೈಗೂಡಿದ ಬುದ್ಧಿಯನ್ನು ಅರ್ಧ ಮರೆತು ಮತ್ತೆ ಕಲಿಯಬೇಕು. ಅದನ್ನು ಫೋನು ಕಲಿಸಲಾರದು. ಎದುರಿಗೆ ನಿಂತು, ತಪ್ಪಿದಾಗ ತಡೆದು ತಿದ್ದುವ ಉಸ್ತಾದ್ ಬೇಕು.

ಉಸ್ತಾದ್ ಒಬ್ಬನೇ ಸಾಲದು. ವೈದ್ಯರಿಲ್ಲದೆ ತಲೆಗೆ ಗುದ್ದುವ ಆಟಕ್ಕೆ ಇಳಿದರೆ ಏನಾದೀತು ಎಂಬುದು ಊಹೆಯ ಮಾತಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಮೈಸೂರು ಕಡೆಯ ತರುಣ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ಗೋಳಿಟ್ಟರು. ರಾಜಧಾನಿಯಲ್ಲೇ ಹೀಗಾದರೆ ನಮ್ಮ ತಾಲ್ಲೂಕುಗಳಲ್ಲಿ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ಕತ್ತಲಾಗುತ್ತಿದೆ. ಕಡಗದ ಕುಸ್ತಿ ಮುಗಿದು ಗೆದ್ದವನನ್ನು ಹೆಗಲ ಮೇಲೆ ಹೊತ್ತಿದ್ದಾರೆ, ಭಂಡಾರ ಹಾರಿದೆ, ಮಂದಿ ಮಿರ್ಚಿ ಮಂಡಕ್ಕಿ ಅಂಗಡಿಗಳತ್ತ ಹರಿದಿದೆ. ಜಾತ್ರಾ ಕಮಿಟಿಯ ಯಜಮಾನರು ಇಲ್ಲೇ ಕೂತು ಲೆಕ್ಕ ನೋಡುತ್ತಿದ್ದಾರೆ. ಅವರಲ್ಲಿ ಒಂದು ವಿನಂತಿ. ಮುಂದಿನ ವರ್ಷ ಕಡಗದ ಜೊತೆಗೆ ಕಣದ ಪಕ್ಕ ಒಬ್ಬ ವೈದ್ಯರನ್ನೂ ಒಂದು ಆಂಬುಲೆನ್ಸನ್ನೂ ನಿಲ್ಲಿಸಿ. ಉಳಿದ ಹಣದಲ್ಲಿ ಊರ ಗರಡಿಗೆ ಒಂದು ಮ್ಯಾಟ್ ತನ್ನಿ, ವಾರಕ್ಕೊಮ್ಮೆಯಾದರೂ ಬರುವ ತರಬೇತುದಾರನನ್ನು ಗೊತ್ತುಮಾಡಿ. ಹುಡುಗರೇ, ಅಲ್ಲಿಯವರೆಗೆ ಗುದ್ದಿನ ಪಂದ್ಯಕ್ಕೆ ಯಾರು ಕರೆದರೂ ವೈದ್ಯರು ಇದ್ದಾರೆಯೇ ಎಂದು ಮೊದಲು ಕೇಳಿ. ಇಲ್ಲವೆಂದರೆ ಇಳಿಯಬೇಡಿ.