ಖಾಲಿ ಮನೆ ಮತ್ತು ‘ಇಲ್ಲ’ ಎಂಬ ಉತ್ತರ

ಅಭ್ಯಾಸ ಬೋಧನೆಯಲ್ಲಿ ಪ್ರಥಮ ಪಿಯುಸಿ ತರಗತಿಗೆ ಪೈಥಾನ್ ಡಿಕ್ಷನರಿಯ ಪಾಠ ನನ್ನ ಪಾಲಿಗೆ ಬಂದಿತ್ತು. ಅದರ ಬಳಕೆಗೆ ಉದಾಹರಣೆಯಾಗಿ ಕ್ಯಾಶ್ ಅನ್ನು ಆರಿಸಿಕೊಂಡೆ. ಒಮ್ಮೆ ಡೇಟಾಬೇಸಿನಿಂದ ತಂದ ಉತ್ತರವನ್ನು ಹತ್ತಿರದಲ್ಲೇ ಇಟ್ಟುಕೊಂಡು, ಮತ್ತೆ ಕೇಳಿದಾಗ ಅಲ್ಲಿಂದಲೇ ಕೊಡುವ ವ್ಯವಸ್ಥೆ ಅದು.

ಪೀಠಿಕೆಗೆ ಹಾಜರಿ ಪುಸ್ತಕ ಸಾಕಾಯಿತು. ಒಂದು ಮನೆಯಲ್ಲಿ ‘ಗೈರು’ ಎಂದಿದೆ, ಇನ್ನೊಂದು ಖಾಲಿ. ಎರಡೂ ಒಂದೆಯೇ ಎಂದು ಕೇಳಿದೆ. “ಅಲ್ಲ ಮಿಸ್. ಗೈರು ಅಂದ್ರೆ ಹೆಸರು ಕೂಗಿ ನೋಡಿದ್ದಾರೆ. ಖಾಲಿ ಅಂದ್ರೆ ಇನ್ನೂ ಕೂಗೇ ಇಲ್ಲ” ಎಂದಳು ಒಬ್ಬ ವಿದ್ಯಾರ್ಥಿನಿ. ಪಾಠದ ತಿರುಳು ಅವಳ ಬಾಯಿಂದಲೇ ಬಂತು.

ನಂತರ ಚಟುವಟಿಕೆ. ಒಬ್ಬ ಹುಡುಗ ಪ್ರೋಗ್ರಾಂ, ಹಿಂದಿನ ಬೆಂಚಿನವನು ಗ್ರಂಥಾಲಯದ ಡೇಟಾಬೇಸ್. ಪ್ರಶ್ನೆ: ಕ್ರಮಸಂಖ್ಯೆ 17 ಯಾವ ಪುಸ್ತಕ ಒಯ್ದಿದ್ದಾನೆ? ಒಯ್ದಿಲ್ಲವೆಂದು ತಿಳಿದು, ಪ್ರೋಗ್ರಾಂ ತನ್ನ ಚೀಟಿಯಲ್ಲಿ ‘ನನ್’ ಎಂದು ಬರೆದುಕೊಂಡ. ಪೈಥಾನಿನಲ್ಲಿ ‘ಏನೂ ಇಲ್ಲ’ ಎಂಬುದರ ಗುರುತು ಅದು. ತೊಡಕಿರುವುದು ಇಲ್ಲೇ. ಕೀ ಇಲ್ಲದಿದ್ದರೂ, ಕೀ ಇದ್ದು ಅದರ ಬೆಲೆಯೇ ‘ನನ್’ ಆಗಿದ್ದರೂ ‘ಗೆಟ್’ ಕೊಡುವುದು ‘ನನ್’ ಒಂದನ್ನೇ. ‘ನನ್ ಬಂದರೆ ಡೇಟಾಬೇಸಿಗೆ ಹೋಗು’ ಎಂಬ ನಿಯಮದಂತೆ, 5 ಬಾರಿ ಕೇಳಿದಾಗ ಹುಡುಗ 5 ಬಾರಿಯೂ ಹಿಂದಿನ ಬೆಂಚಿಗೆ ನಡೆದ. ಉತ್ತರ ಪ್ರತಿಸಲವೂ ಸರಿಯೇ. ಆದ್ದರಿಂದಲೇ ಈ ದೋಷ ಕಣ್ಣಿಗೆ ಬೀಳುವುದಿಲ್ಲ. 4 ನಡಿಗೆ ಮಾತ್ರ ದಂಡ.

ಪರಿಹಾರಗಳನ್ನು ಕಪ್ಪುಹಲಗೆಯಲ್ಲಿ ಬರೆದೆವು. ‘ಇನ್’ ಬಳಸಿ ಕೀ ಇದೆಯೇ ಎಂದು ಮೊದಲು ನೋಡುವುದು ಒಂದು. ಬೇರೆಲ್ಲೂ ಬಳಸದ ವಿಶೇಷ ಗುರುತೊಂದನ್ನು ‘ಗೆಟ್’ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಡುವುದು ಇನ್ನೊಂದು, ಆ ಗುರುತು ಮರಳಿ ಬಂದರೆ ಮಾತ್ರ ಕೀ ಇಲ್ಲವೆಂದರ್ಥ. ಜಾವಾದ ಹ್ಯಾಶ್‌ಮ್ಯಾಪ್‌ನಲ್ಲೂ ಇದೇ ತೊಡಕಿದೆ, ಅಲ್ಲಿ ‘ಕಂಟೇನ್ಸ್‌ಕೀ’ ನೆರವಿಗೆ ಬರುತ್ತದೆ.

“ನಾಳೆ 17 ಪುಸ್ತಕ ಒಯ್ದರೆ?” ಎಂದು ಹಿಂದಿನ ಬೆಂಚಿನವನು ಕೇಳಿದ. ಒಳ್ಳೆಯ ಪ್ರಶ್ನೆ. ನೆನಪಿಟ್ಟ ‘ಇಲ್ಲ’ಕ್ಕೂ ಅವಧಿ ಬೇಕು. ಅಂತರ್ಜಾಲದ ಹೆಸರು ಹುಡುಕುವ ಡಿಎನ್‌ಎಸ್ ವ್ಯವಸ್ಥೆಯೂ ‘ಆ ಹೆಸರಿಲ್ಲ’ ಎಂಬ ಉತ್ತರವನ್ನು ನಿಗದಿತ ಅವಧಿಗಷ್ಟೇ ಇಟ್ಟುಕೊಳ್ಳುತ್ತದೆ. 1998ರ ಆರ್‌ಎಫ್‌ಸಿ 2308 ಇದನ್ನು ವಿವರಿಸುತ್ತದೆ.

ಈ ಪಾಠದ ನಂತರ ನನ್ನ ಮೌಲ್ಯಮಾಪನ ಪಟ್ಟಿಯಲ್ಲಿ ಎರಡು ಗುರುತು ಇಟ್ಟಿದ್ದೇನೆ: ‘ಕೇಳಿಲ್ಲ’ ಮತ್ತು ‘ಕೇಳಿದೆ, ಉತ್ತರ ಬರಲಿಲ್ಲ’. ಎರಡನ್ನೂ ಖಾಲಿ ಬಿಟ್ಟರೆ, ಅವಕಾಶವೇ ಸಿಗದ ಮಗು ದಡ್ಡ ಎನಿಸಿಕೊಳ್ಳುತ್ತದೆ. ಎರಡನೆಯ ಗುರುತಿನ ಪಕ್ಕ ದಿನಾಂಕವನ್ನೂ ಬರೆಯುತ್ತೇನೆ. ಇವತ್ತು ಬಾರದ ಉತ್ತರ ಮುಂದಿನ ವಾರ ಬಂದೀತು. ಮತ್ತೆ ಕೇಳಬೇಕಾದವರು ನಾವು.